ತಾಹೋ ನದಿಯ ಅಲ್ಕಾಂತರಾ: ಸೇತುವೆ, ಶಾಸನ ಮತ್ತು ಸುತ್ತಣ ನಾಡು

ಸ್ಪೇನ್ ದೇಶದ ಪಶ್ಚಿಮದ ಅಂಚಿನಲ್ಲಿ, ಪೋರ್ಚುಗಲ್ಲಿನ ಗಡಿಗೆ ಅತಿ ಸಮೀಪವಾಗಿ, ಎಸ್ತ್ರೆಮದೂರಾ ಎಂಬ ಪ್ರಾಂತವಿದೆ. ಬೇಸಗೆಯಲ್ಲಿ ಬೆಂದು, ಚಳಿಗಾಲದ ಮಳೆಗೆ ಹಸಿರಾಗುವ ಒರಟು ನಾಡು ಅದು. ಆ ಪ್ರಾಂತದ ಕಾಸೆರೆಸ್ ಜಿಲ್ಲೆಯಲ್ಲಿ ತಾಹೋ ನದಿಯ ಎಡದಂಡೆಯ ಮೇಲೆ ಅಲ್ಕಾಂತರಾ ಎಂಬ ಸಣ್ಣ ಊರು ನಿಂತಿದೆ. ಇಂದು ಅಲ್ಲಿನ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಸುಣ್ಣ ಬಳಿದ ಮನೆಗಳು, ಬಾಗಿಲುವಾಡದ ಮೇಲೆ ಕಲ್ಲಿನಲ್ಲಿ ಕೆತ್ತಿದ ಹಳೆಯ ಮನೆತನಗಳ ಲಾಂಛನಗಳು, ಇಗರ್ಜಿಯ ಗೋಪುರದ ಮೇಲೆ ಕೊಕ್ಕರೆಗಳ ಗೂಡು: ಇವಿಷ್ಟೇ ಆಗಿದ್ದರೆ ಆ ಊರಿನ ಹೆಸರನ್ನು ದೂರದೇಶದವರು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಊರಿನ ಕೆಳಗೆ, ನದಿಯ ಆಳವಾದ ಕಣಿವೆಯಲ್ಲಿ, ಹತ್ತೊಂಬತ್ತು ಶತಮಾನಗಳಿಂದ ಒಂದು ಕಲ್ಲಿನ ಸೇತುವೆ ನಿಂತಿದೆ. ಊರಿಗೆ ಹೆಸರು ಬಂದುದೂ ಅದರಿಂದಲೇ. ಅರಬ್ಬೀ ಭಾಷೆಯಲ್ಲಿ ‘ಕಂತರ’ ಎಂದರೆ ಸೇತುವೆ, ‘ಅಲ್’ ಎಂಬುದು ಆ ಭಾಷೆಯ ನಿರ್ದೇಶಕ. ರೋಮನರು ಕಟ್ಟಿದ ಸೇತುವೆಗೆ ಅರಬರು ಇಟ್ಟ ಹೆಸರನ್ನು ಸ್ಪೇನಿನ ಕ್ರೈಸ್ತರು ಇಂದಿಗೂ ನುಡಿಯುತ್ತಿದ್ದಾರೆ. ಒಂದು ಊರಿನ ಹೆಸರಿನಲ್ಲಿಯೇ ಮೂರು ಕಾಲಗಳ ಇತಿಹಾಸ ಅಡಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ವಿರಳ.

ತಾಹೋ ನದಿಯು ಐಬೀರಿಯ ಪರ್ಯಾಯದ್ವೀಪದ ನದಿಗಳಲ್ಲೆಲ್ಲ ದೀರ್ಘವಾದುದು. ಪೂರ್ವದ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು ಒಂದು ಸಾವಿರ ಕಿಲೋಮೀಟರ್ ಪಶ್ಚಿಮಾಭಿಮುಖವಾಗಿ ಹರಿದು, ಪೋರ್ಚುಗಲ್ಲಿನ ರಾಜಧಾನಿಯಾದ ಲಿಸ್ಬನ್ನಿನ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಲ್ಯಾಟಿನ್ನಿನಲ್ಲಿ ಅದರ ಹೆಸರು ಟೇಗಸ್. ಪೋರ್ಚುಗೀಸರು ಅದನ್ನು ತೇಜು ಎನ್ನುತ್ತಾರೆ. ಅಲ್ಕಾಂತರಾದ ಸುತ್ತ ಈ ನದಿ ಪದರಗಲ್ಲಿನ ನೆಲವನ್ನು ಕೊರೆದು ಕಡಿದಾದ ಕಂದರವನ್ನು ಮಾಡಿಕೊಂಡಿದೆ. ಹಿಂದೆ ಮಳೆಗಾಲದಲ್ಲಿ ಆ ಕಂದರದೊಳಗೆ ಪ್ರವಾಹ ಹತ್ತಾರು ಮೀಟರ್ ಏರುತ್ತಿತ್ತು. ಇಂತಹ ಕಡೆ ಸೇತುವೆ ಕಟ್ಟುವುದೆಂದರೆ ನದಿಯನ್ನು ದಾಟುವುದಷ್ಟೇ ಅಲ್ಲ, ಅದರ ಕೋಪದ ಮಟ್ಟವನ್ನೂ ಮೊದಲೇ ಅಳೆದಿರಬೇಕು.

ಸೇತುವೆಯ ಉದ್ದ ಸುಮಾರು 190 ಮೀಟರ್, ಹಾದಿಯ ಅಗಲ ಸುಮಾರು 8 ಮೀಟರ್. ಒಟ್ಟು ಆರು ಕಮಾನುಗಳು. ನಡುವಿನ ಎರಡು ಕಮಾನುಗಳು ಎಲ್ಲಕ್ಕೂ ದೊಡ್ಡವು. ಅವುಗಳಲ್ಲಿ ಹಿರಿದರ ಅಗಲ 28 ಮೀಟರಿಗೂ ಹೆಚ್ಚು. ದಂಡೆಗಳ ಕಡೆಗೆ ಸರಿದಂತೆ ಕಮಾನುಗಳು ಕಿರಿದಾಗುತ್ತವೆ, ಕಂಬಗಳೂ ಬಂಡೆಯ ಏರಿಗೆ ತಕ್ಕಂತೆ ಗಿಡ್ಡವಾಗುತ್ತವೆ. ನದಿಯ ಪಾತ್ರದಿಂದ ಮೇಲಿನ ಹಾದಿಯವರೆಗಿನ ಎತ್ತರ 45 ಮೀಟರಿಗೂ ಮಿಕ್ಕುದು. ಆದರೆ ಕೆಳಗಡೆಯ ಮತ್ತೊಂದು ಅಣೆಕಟ್ಟಿನ ಹಿನ್ನೀರು ಈಗ ಕಂಬಗಳ ಬುಡವನ್ನು ಮುಚ್ಚಿರುವುದರಿಂದ ಆ ಎತ್ತರ ಪೂರ್ತಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಕಟ್ಟಲು ಬಳಸಿದುದು ಗ್ರಾನೈಟ್ ಕಲ್ಲು. ಒಂದರ ಮೇಲೊಂದು ಕಲ್ಲನ್ನು ಗಾರೆಯಿಲ್ಲದೆ, ತೂಕ ಮತ್ತು ಕೆತ್ತನೆಯ ನಂಬಿಕೆಯ ಮೇಲೆ ಕೂರಿಸಿದ್ದರು. ಇಂದು ಸಂದುಗಳಲ್ಲಿ ಕಾಣುವ ಗಾರೆ ಹತ್ತೊಂಬತ್ತನೆಯ ಶತಮಾನದ ದುರಸ್ತಿಯದು. ಪ್ರವಾಹಕ್ಕೆ ಎದುರಾದ ಪಕ್ಕದಲ್ಲಿ ಕಂಬಗಳ ಮುಖವನ್ನು ಚೂಪಾಗಿಸಿ ನೀರನ್ನು ಸೀಳಿ ಕಳಿಸುವ ಏರ್ಪಾಡು ಮಾಡಿದ್ದಾರೆ. ಸೇತುವೆಯ ಸರಿಯಾದ ನಡುಮಧ್ಯದಲ್ಲಿ, ಹಾದಿಗೆ ಅಡ್ಡಲಾಗಿ, ಒಂದು ಮಹಾದ್ವಾರವಿದೆ. ದಾಟುವವರೆಲ್ಲರೂ ಅದರ ಕೆಳಗೇ ನಡೆಯಬೇಕು. ಶಾಸನಗಳಿರುವುದು ಆ ದ್ವಾರದ ಮೇಲೆ.

ಅಧ್ಯಾಪಕರೂ ದಾನಿಗಳೂ ವಿಶೇಷವಾಗಿ ಗಮನಿಸತಕ್ಕುದು ಈ ಶಾಸನಗಳನ್ನು. ಮೊದಲನೆಯದು ಟ್ರೇಜನ್ ಚಕ್ರವರ್ತಿಯ ಹೆಸರನ್ನು ಹೊತ್ತಿದೆ. ಈತ ಹುಟ್ಟಿದ್ದು ಸ್ಪೇನಿನಲ್ಲಿಯೇ, ಇಂದಿನ ಸೆವಿಲ್ ನಗರದ ಬಳಿಯ ಇತಾಲಿಕಾ ಎಂಬಲ್ಲಿ. ಶಾಸನದಲ್ಲಿ ಇಸವಿಯಿಲ್ಲ. ರೋಮನ್ ಶಾಸನಗಳಲ್ಲಿ ಕಾಲವನ್ನು ಸೂಚಿಸುವುದು ಅರಸನ ಬಿರುದುಗಳು: ಆತ ಡೇಸಿಯಾ ದೇಶವನ್ನು ಗೆದ್ದವನು, ಇಂತಿಷ್ಟನೆಯ ಸಲ ಕಾನ್ಸಲ್ ಪದವಿಯಲ್ಲಿರುವವನು ಎಂಬ ವಿವರಗಳನ್ನು ಎಣಿಸಿ ವಿದ್ವಾಂಸರು ಕಾಲನಿರ್ಣಯ ಮಾಡುತ್ತಾರೆ. ಆ ಎಣಿಕೆಯ ಪ್ರಕಾರ ಸೇತುವೆಯ ಕಾಲ ಕ್ರಿ. ಶ. 104ರಿಂದ 106ರವರೆಗೆ ಎಂದು ಹೇಳುವುದು ವಾಡಿಕೆ.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. ಶಾಸನದಲ್ಲಿ ಚಕ್ರವರ್ತಿಯ ಹೆಸರು ಪ್ರಥಮಾ ವಿಭಕ್ತಿಯಲ್ಲಿಲ್ಲ, ಚತುರ್ಥಿಯಲ್ಲಿದೆ. ಅಂದರೆ ಸೇತುವೆ ಚಕ್ರವರ್ತಿ ‘ಯಿಂದ’ ಆದುದಲ್ಲ, ಚಕ್ರವರ್ತಿ ‘ಗೆ’ ಅರ್ಪಿತವಾದುದು. ಹಾಗಾದರೆ ಕರ್ತೃಪದ ಎಲ್ಲಿದೆ? ಅದು ಅದೇ ದ್ವಾರದ ಮತ್ತೊಂದು ಫಲಕದಲ್ಲಿದೆ. ಲುಸಿತಾನಿಯಾ ಪ್ರಾಂತದ ಪುರಸಭೆಗಳು ವಂತಿಗೆ ಕೂಡಿಸಿ ಈ ಸೇತುವೆಯ ಕೆಲಸವನ್ನು ಪೂರ್ಣಗೊಳಿಸಿದುವು ಎಂದು ಹೇಳಿ, ಒಟ್ಟು ಹನ್ನೊಂದು ಜನಸಮುದಾಯಗಳ ಹೆಸರನ್ನು ಅದು ಸಾಲಾಗಿ ಕೊಡುತ್ತದೆ: ಇಗೈದಿತಾನಿ, ತಾಲೋರಿ, ಕೊಲಾರ್ನಿ, ಅರಾವಿ, ಪೈಸೂರೆಸ್ ಮುಂತಾದುವು. ಇವರಲ್ಲಿ ಅನೇಕರು ಇಂದಿನ ಪೋರ್ಚುಗಲ್ಲಿಗೆ ಸೇರಿದ ಊರುಗಳವರು. ಇಗೈದಿತಾನಿಗಳ ಪಟ್ಟಣ ಇಂದು ಇದಾನ್ಯಾ-ಆ-ವೇಲ್ಯಾ ಎಂಬ ಸಣ್ಣ ಪೋರ್ಚುಗೀಸ್ ಹಳ್ಳಿಯಾಗಿ ಉಳಿದಿದೆ. ಇನ್ನು ಕೆಲವು ಸಮುದಾಯಗಳ ನೆಲೆ ಎಲ್ಲಿತ್ತು ಎಂಬ ಬಗ್ಗೆ ಇನ್ನೂ ಚರ್ಚೆ ನಡೆದೇ ಇದೆ. ಊರು ಅಳಿದಿದೆ, ಜನ ಅಳಿದಿದ್ದಾರೆ, ಭಾಷೆಯೂ ಅಳಿದಿದೆ. ಸೇತುವೆಗೆ ಹಣ ಕೊಟ್ಟರು ಎಂಬ ಒಂದು ವಿಷಯ ಮಾತ್ರ ಆ ಹೆಸರುಗಳ ಸಂಗಡ ಉಳಿದುಬಂದಿದೆ. ಇಂತಹ ಫಲಕಗಳು ಮೊದಲು ನಾಲ್ಕು ಇದ್ದುವೆಂದೂ, ಉಳಿದುದು ಒಂದೇ ಎಂದೂ ಹೇಳುತ್ತಾರೆ. ಕಳೆದುಹೋದವುಗಳಲ್ಲಿ ಮತ್ತೆ ಯಾವ ಊರುಗಳ ಹೆಸರಿತ್ತೋ! ಕಲ್ಲು ಒಡೆದು, ಹೊತ್ತು, ಮರದ ಅಟ್ಟಣೆಯ ಮೇಲೆ ನಿಂತು ಕೂರಿಸಿದ ಕೂಲಿಗಳ ಹೆಸರಂತೂ ಯಾವ ಫಲಕದಲ್ಲಿಯೂ ಇದ್ದಿರಲಾರದು.

ಶಿಲ್ಪಿಯ ಹೆಸರು ಮಾತ್ರ ಉಳಿದಿದೆ. ರೋಮನ್ ಸೇತುವೆಗಳಲ್ಲಿ ಇದು ತೀರ ಅಪರೂಪ. ಸೇತುವೆಯ ಎಡದಂಡೆಯ ತುದಿಯಲ್ಲಿ ಬಂಡೆಗೆ ಒರಗಿದಂತೆ ಒಂದು ಪುಟ್ಟ ದೇವಾಲಯವಿದೆ. ಒಂದೇ ಕೋಣೆ, ಎರಡು ಕಂಬ, ಕಲ್ಲುಚಪ್ಪಡಿಯ ಇಳಿಜಾರು ಸೂರು. ಅದರ ಬಾಗಿಲಿನ ಮೇಲಿನ ಪದ್ಯಶಾಸನವು ಗಾಯಸ್ ಯೂಲಿಯಸ್ ಲಾಕೆರ್ ಎಂಬ ಶಿಲ್ಪಿಯನ್ನು ಹೆಸರಿಸುತ್ತದೆ. ಲೋಕ ಇರುವವರೆಗೂ ಬಾಳುವ ಸೇತುವೆಯನ್ನು ತಾನು ಕಟ್ಟಿದನೆಂಬ ಧೈರ್ಯದ ಮಾತು ಅದರಲ್ಲಿದೆ. ಇಗೈದಿತಾನಿ ಊರಿನ ಲಾಕೊ ಎಂಬ ಗೆಳೆಯನ ಹೆಸರೂ ಶಿಲ್ಪಿಯ ಹೆಸರಿನ ಜೊತೆಗೆ ಬರುತ್ತದೆ. ಈಗ ಓದಲು ಸಿಗುವ ಪಾಠ ಎಷ್ಟರಮಟ್ಟಿಗೆ ಮೂಲದ್ದು, ಎಷ್ಟು ನಂತರದ ಕೈಗಳದು ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯಗಳಿವೆ. ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕ್ರೈಸ್ತರ ಕಾಲದಲ್ಲಿ ಈ ಗುಡಿಯನ್ನು ಸಂತ ಹೂಲಿಯಾನನ ಪ್ರಾರ್ಥನಾಮಂದಿರವಾಗಿ ಮಾಡಿಕೊಂಡರು. ಹಾಗೆ ಬಳಕೆಯಲ್ಲಿ ಇದ್ದುದರಿಂದಲೇ ಅದು ಹೆಚ್ಚು ಕೆಡದೆ ಇಂದಿನವರೆಗೆ ಬಂದಿತೆನ್ನಬೇಕು.

ಪ್ರವಾಹಗಳು ಈ ಸೇತುವೆಯನ್ನು ಕೆಡವಲಿಲ್ಲ. ಕೆಡವಿದವರೆಲ್ಲ ಮನುಷ್ಯರೇ. ಗಡಿನಾಡಿನ ಸೇತುವೆಗೆ ಇದು ತಪ್ಪದ ವಿಧಿ. ಶಾಂತಿಕಾಲದಲ್ಲಿ ಅದು ಎಲ್ಲರಿಗೂ ಬೇಕು. ಯುದ್ಧಕಾಲದಲ್ಲಿ ಅದು ತನ್ನ ಕೈಯಲ್ಲಿರುವವರೆಗೆ ಬೇಕು, ಕೈತಪ್ಪುವ ಗಳಿಗೆಯಲ್ಲಿ ಬೇಡ. ಅರಬರು ಇದನ್ನು ‘ಖಡ್ಗದ ಸೇತುವೆ’ ಎಂದು ಕರೆದರು. ಹನ್ನೆರಡನೆಯ ಶತಮಾನದ ಭೂಗೋಳಜ್ಞ ಅಲ್ ಇದ್ರೀಸಿ ಇದನ್ನು ಲೋಕದ ಅದ್ಭುತಗಳಲ್ಲಿ ಎಣಿಸಿದ. 1213ರ ಸುಮಾರಿಗೆ ಲಿಯೋನ್ ದೊರೆ ಒಂಬತ್ತನೆಯ ಅಲ್ಫೋನ್ಸೊ ಊರನ್ನು ಗೆದ್ದುಕೊಂಡನು. ಆ ಸಮರದ ಕಾಲದಲ್ಲಿ ಒಂದು ಚಿಕ್ಕ ಕಮಾನು ಮುರಿಯಿತು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆ ಗಾಯ ಹಾಗೆಯೇ ಇದ್ದು, 1543ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯ ಕಾಲಕ್ಕೆ ಕಲ್ಲಿನಲ್ಲಿ ಸರಿಯಾಯಿತು. ಅದರ ದಾಖಲೆಯನ್ನೂ ಮಹಾದ್ವಾರದ ಮೇಲೆಯೇ ಕೆತ್ತಿಸಿದರು. ಹದಿನೆಂಟನೆಯ ಶತಮಾನದಲ್ಲಿ ಪೋರ್ಚುಗಲ್ ಜೊತೆಗಿನ ಕದನಗಳಲ್ಲಿ ಮತ್ತೊಮ್ಮೆ ಭಗ್ನವಾಗಿ, ಮೂರನೆಯ ಚಾರ್ಲ್ಸನ ಆಳ್ವಿಕೆಯಲ್ಲಿ ದುರಸ್ತಿಯಾಯಿತು.

ಎಲ್ಲಕ್ಕಿಂತ ವಿಚಿತ್ರವಾದುದು ನೆಪೋಲಿಯನ್ ಕಾಲದ ಘಟನೆ. 1809ರಲ್ಲಿ ಫ್ರೆಂಚ್ ಸೈನ್ಯ ಸಮೀಪಿಸುತ್ತಿದ್ದಾಗ ಆಂಗ್ಲ ಅಧಿಕಾರಿಗಳ ಕೈಕೆಳಗಿನ ಪೋರ್ಚುಗೀಸ್ ಪಡೆ ಒಂದು ಕಮಾನನ್ನು ಮದ್ದಿಟ್ಟು ಹಾರಿಸಿತು. ಮೂರೇ ವರ್ಷಗಳ ತರುವಾಯ, 1812ರಲ್ಲಿ, ಅದೇ ಆಂಗ್ಲರ ಸೇನಾಧಿಪತಿ ವೆಲಿಂಗ್ಟನ್ನನಿಗೆ ಅದೇ ಸೇತುವೆಯ ಮೇಲೆ ಸೈನ್ಯವನ್ನೂ ಫಿರಂಗಿಗಳನ್ನೂ ದಾಟಿಸಬೇಕಾಗಿ ಬಂತು. ಸ್ಟರ್ಜನ್ ಎಂಬ ಇಂಜಿನಿಯರ್ ಅಧಿಕಾರಿ ಹಡಗಿನ ಹಗ್ಗಗಳನ್ನು ಹೆಣೆದು ದೊಡ್ಡದೊಂದು ಬಲೆಯಂತೆ ಮಾಡಿ, ಮುರಿದ ಕಮಾನಿನ ಎರಡೂ ಅಂಚುಗಳಿಗೆ ಬಿಗಿದು, ಅದರ ಮೇಲೆ ಹಲಗೆಗಳನ್ನು ಹಾಸಿದನು. ಬೇಡವೆಂದಾಗ ಸುರುಳಿ ಸುತ್ತಿ ತೆಗೆದುಬಿಡಬಹುದಾದ ಸೇತುವೆ! ಕಲ್ಲಿನ ಎರಡು ತುಂಡುಗಳ ನಡುವೆ ಹಗ್ಗದ ತೂಗುಹಾದಿಯಲ್ಲಿ ಫಿರಂಗಿಗಳು ದಾಟಿದ ದೃಶ್ಯವನ್ನು ಓದುಗರು ಊಹಿಸಿಕೊಳ್ಳಬಹುದು. ಆ ಬಳಿಕ ಮರದಿಂದ ಮುಚ್ಚಿದ ಕಿಂಡಿ 1836ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ನಾಶವಾಯಿತು. ಎರಡನೆಯ ಇಸಬೆಲ್ ರಾಣಿಯ ಕಾಲದಲ್ಲಿ, 1860ರ ಹೊತ್ತಿಗೆ, ಕಮಾನು ಮತ್ತೆ ಕಲ್ಲಿನದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಇದರ ಮೇಲೆ ಮೋಟಾರುಗಳೂ ಲಾರಿಗಳೂ ಓಡಿದುವು. ಲಾಕೆರ್ ಊಹಿಸಿರಲಾರದ ಆ ಭಾರವನ್ನೂ ಸೇತುವೆ ತಾಳಿಕೊಂಡಿತು.

ಇನ್ನು ಊರಿನ ವಿಷಯ. ಹದಿಮೂರನೆಯ ಶತಮಾನದ ಆರಂಭದಲ್ಲಿ, 1218ರಲ್ಲಿ, ಈ ಊರು ಒಂದು ಯೋಧ-ಸನ್ಯಾಸಿಗಳ ಸಂಘದ ವಶಕ್ಕೆ ಬಂದಿತು. ಅವರ ಮೂಲನೆಲೆ ಬೇರೆಡೆ ಇದ್ದರೂ ಅಂದಿನಿಂದ ‘ಅಲ್ಕಾಂತರಾ ಸಂಘ’ವೆಂದೇ ಅವರು ಪ್ರಸಿದ್ಧರಾದರು. ಸನ್ಯಾಸದ ದೀಕ್ಷೆ ತೊಟ್ಟು ಕತ್ತಿ ಹಿಡಿದು ಗಡಿಯನ್ನು ಕಾಯುವುದು ಇವರ ವೃತ್ತಿ. ಕಾಲಕ್ರಮದಲ್ಲಿ ದತ್ತಿಯ ಭೂಮಿಗಳು ಬೆಳೆದುವು, ಕುರಿಮಂದೆಗಳು ಬೆಳೆದುವು, ಸಂಘದ ಮಹಾಧಿಪತಿಯು ಅರಸನ ಸರಿಸಮಾನನಾದ ಪಾಳೆಯಗಾರನಾದನು. ಕೊನೆಯ ಮಹಾಧಿಪತಿ ಹುವಾನ್ ದೆ ಸೂನ್ಯಿಗಾ 1494ರಲ್ಲಿ ತನ್ನ ಅಧಿಕಾರವನ್ನು ಫರ್ಡಿನಾಂಡ್–ಇಸಬೆಲ್ ದಂಪತಿಗಳಿಗೆ ಒಪ್ಪಿಸಿದನು. ಈತನನ್ನು ಭಾಷಾಭ್ಯಾಸಿಗಳು ನೆನೆಯಬೇಕಾದ ಕಾರಣ ಬೇರೆ. ಕ್ಯಾಸ್ಟಿಲಿಯನ್ ಅಂದರೆ ಸ್ಪ್ಯಾನಿಷ್ ಭಾಷೆಗೆ 1492ರಲ್ಲಿ ಮೊದಲ ವ್ಯಾಕರಣವನ್ನು ಬರೆದ ಅಂತೋನಿಯೊ ದೆ ನೆಬ್ರಿಹಾನಿಗೆ ಆಶ್ರಯ ಕೊಟ್ಟವನು ಈತನೇ.

ಊರಿನ ಮಧ್ಯದಲ್ಲಿರುವ ಸಂತ ಬೆನಿತೋ ಮಠ ಈ ಸಂಘದ ಮುಖ್ಯ ನೆಲೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಅದರ ಕಟ್ಟಡ ಮೊದಲಾಯಿತು. ಒಳಗಡೆ ಕಮಾನುಗಳ ಪ್ರಾಕಾರದ ಅಂಗಳ. ಹೊರಮೈಯಲ್ಲಿ ಮೂರು ಅಂತಸ್ತಿನ ಒಂದು ಕಮಾನುಸಾಲು. ಅದನ್ನು ರಚಿಸಿದವನು ಪೇದ್ರೊ ದೆ ಇಬಾರ್ರಾ ಎಂಬ ಸ್ಥಪತಿ. ನೋಡಿದವರಿಗೆ ಅದು ಮಠದ ಗೋಡೆಯೆನ್ನುವುದಕ್ಕಿಂತ ರಂಗಮಂಟಪದ ಹಿನ್ನೆಲೆಯಂತೆ ತೋರುತ್ತದೆ. 1980ರ ದಶಕದಿಂದ ಪ್ರತಿ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಹಳೆಯ ನಾಟಕಗಳ ಉತ್ಸವ ನಡೆಯುತ್ತಿರುವುದು ಉಚಿತವಾಗಿಯೇ ಇದೆ. ಆ ಮಠದ ಗ್ರಂಥಭಂಡಾರದ ಗತಿ ಮಾತ್ರ ದುಃಖಕರ. 1807ರ ನವೆಂಬರಿನಲ್ಲಿ ಫ್ರೆಂಚ್ ದಂಡನಾಯಕ ಜುನೋ ಪೋರ್ಚುಗಲ್ಲಿನ ಮೇಲೆ ದಂಡೆತ್ತಿ ಹೋಗುತ್ತ ಅಲ್ಕಾಂತರಾದ ಮೂಲಕ ಹಾದುಹೋದನು. ಆತನ ಸಿಪಾಯಿಗಳು ಮಠವನ್ನು ಸೂರೆಗೊಂಡು ಹಸ್ತಪ್ರತಿಗಳ ಕಾಗದವನ್ನು ತೋಟಾ ಸುತ್ತಲು ಹರಿದರೆಂದೂ, ಅದರ ನಡುವೆ ಪಾಕಶಾಸ್ತ್ರದ ಒಂದು ಪುಸ್ತಕ ಮಾತ್ರ ಬದುಕಿ ಪ್ಯಾರಿಸ್ಸಿಗೆ ಹೋಯಿತೆಂದೂ ಹೇಳುವ ಕಥೆಯಿದೆ. ‘ಅಲ್ಕಾಂತರಾ ಶೈಲಿ’ಯ ಕೌಜುಗದ ಅಡಿಗೆ ಫ್ರಾನ್ಸಿನಲ್ಲಿ ಹೆಸರಾದುದು ಹೀಗೆಯೇ ಎಂದು ಆ ಊರಿನವರ ನಂಬಿಕೆ. ಕಥೆ ನಿಜವೋ ಕಟ್ಟಿದ್ದೋ, ಸಾಲು ಸಾಲು ಶಾಸ್ತ್ರಗ್ರಂಥಗಳು ತೋಟಾಗಳಾಗಿ ಒಂದು ಅಡಿಗೆಯ ಪುಸ್ತಕ ಉಳಿಯಿತೆಂಬುದನ್ನು ಕೇಳಿ ನಗುವುದೋ ಅಳುವುದೋ ತಿಳಿಯದು. 1835ರ ಸುಮಾರಿಗೆ ಸ್ಪೇನ್ ಸರಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡಾಗ ಸಂತ ಬೆನಿತೋ ಬರಿದಾಯಿತು, ಮುಂದೆ ಬಹುಕಾಲ ಪಾಳುಬಿದ್ದಿತ್ತು.

ಆ ಶ್ರೀಮಂತ ಮಠಕ್ಕೆ ತೀರ ಎದುರಾದ ಬಾಳನ್ನು ಬಾಳಿದವನೊಬ್ಬನು ಅದೇ ಊರಿನಲ್ಲಿ 1499ರಲ್ಲಿ ಹುಟ್ಟಿದನು. ಆತನೇ ಸಂತ ಪೇದ್ರೊ ದೆ ಅಲ್ಕಾಂತರಾ. ಫ್ರಾನ್ಸಿಸ್ಕನ್ ಸನ್ಯಾಸಿಯಾಗಿ ಅತಿ ಕಠಿಣವಾದ ವ್ರತವನ್ನು ಹಿಡಿದು, ಆವಿಲಾದ ಸಂತ ತೆರೇಸಾಳಿಗೆ ಕಷ್ಟಕಾಲದಲ್ಲಿ ಮಾರ್ಗದರ್ಶಕನಾದವನು ಈತ. ದಿನಕ್ಕೆ ಒಂದೂವರೆ ಗಂಟೆಯಷ್ಟೇ, ಅದೂ ಕುಳಿತೇ, ನಿದ್ರಿಸುತ್ತಿದ್ದನೆಂದು ತೆರೇಸಾ ತನ್ನ ಆತ್ಮಕಥನದಲ್ಲಿ ಬರೆದಿದ್ದಾಳೆ. ಪೆದ್ರೊಸೊ ದೆ ಆಸಿಮ್ ಎಂಬ ಹಳ್ಳಿಯ ಬಳಿ, 1557ರಲ್ಲಿ ಈತ ಕಟ್ಟಿದ ಎಲ್ ಪಲಂಕಾರ್ ಮಠವಿದೆ. ಲೋಕದಲ್ಲೇ ಅತಿ ಚಿಕ್ಕ ಮಠವೆಂಬ ಖ್ಯಾತಿ ಅದರದು. ಬಗ್ಗದೆ ಒಳಹೋಗಲಾಗದ ಬಾಗಿಲುಗಳು, ಕಾಲು ಚಾಚಲಾಗದ ಕೋಣೆ. ಈತ 1562ರಲ್ಲಿ ತೀರಿಕೊಂಡನು. 1669ರಲ್ಲಿ ಸಂತಪದವಿ ಸಂದಿತು. ಸಂತ ಬೆನಿತೋ ಮಠದ ಕಮಾನುಸಾಲನ್ನು ನೋಡಿದವರು ಎಲ್ ಪಲಂಕಾರನ್ನೂ ನೋಡಿದರೆ ಮಾತ್ರ ಆ ಕಾಲದ ಸ್ಪೇನ್ ಅರ್ಥವಾಗುತ್ತದೆ.

ಅಲ್ಕಾಂತರಾದ ಇತಿಹಾಸದಲ್ಲಿ ಕನ್ನಡನಾಡಿನ ಕರಾವಳಿಗೂ ತಟ್ಟಿದ ಒಂದು ಎಳೆಯಿದೆ. ಸ್ಪೇನ್–ಪೋರ್ಚುಗಲ್ಲುಗಳ ಉತ್ತರಾಧಿಕಾರದ ಯುದ್ಧ ನಡೆಯುತ್ತಿದ್ದಾಗ, 1479ರ ಮಾರ್ಚ್ ತಿಂಗಳಿನಲ್ಲಿ, ಇಸಬೆಲ್ ರಾಣಿಯೂ ಪೋರ್ಚುಗೀಸ್ ರಾಜಮನೆತನಕ್ಕೆ ಸೇರಿದ ಆಕೆಯ ಚಿಕ್ಕಮ್ಮ ಬೆಯಾತ್ರಿಸಳೂ ಈ ಊರಿನಲ್ಲಿ ಎದುರುಬದುರು ಕುಳಿತು ಸಂಧಾನದ ಮಾತಾಡಿದರು. ಅದೇ ವರ್ಷ ಅಲ್ಕಾಸೊವಾಸ್ ಒಪ್ಪಂದವಾಯಿತು. ಆಫ್ರಿಕದ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗುವ ಸಮುದ್ರಮಾರ್ಗ ಪೋರ್ಚುಗೀಸರ ಪಾಲಿಗೆ ಬಂದಿತು. ಆ ಮಾರ್ಗವನ್ನೇ ಹಿಡಿದು ತಾಹೋ ನದಿಯ ಮುಖದಿಂದ ಹೊರಟ ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದು, ಮರಳುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿದನು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಇಬ್ಬರು ಹೆಂಗಸರ ಗಡಿಯೂರಿನ ಮಾತುಕತೆ ಇಷ್ಟು ದೂರಕ್ಕೆ ಮುಟ್ಟೀತೆಂದು ಅಂದು ಯಾರು ಬಲ್ಲರು?

ಅಲ್ಕಾಂತರಾದಿಂದ ಆಗ್ನೇಯಕ್ಕೆ ಸ್ವಲ್ಪ ದೂರದಲ್ಲಿ ಬ್ರೋಸಾಸ್ ಎಂಬ ಊರಿದೆ. ಪ್ರವಾಸಿಗಳು ಅಲ್ಲಿನ ದೊಡ್ಡ ಇಗರ್ಜಿಯನ್ನು ನೋಡಿ ಮುಂದೆ ಸಾಗುತ್ತಾರೆ. ಆದರೆ ಭಾಷಾಶಾಸ್ತ್ರದವರಿಗೆ ಅದು ಕ್ಷೇತ್ರಸಮಾನ. ಊರಿನ ಹೆಸರಿನಿಂದ ‘ಎಲ್ ಬ್ರೋಸೆನ್ಸೆ’ ಎಂದೇ ಖ್ಯಾತನಾದ ಫ್ರಾನ್ಸಿಸ್ಕೊ ಸಾಂಚೆಸ್ ಹುಟ್ಟಿದ್ದು ಅಲ್ಲಿ, 1523ರಲ್ಲಿ. ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿ 1587ರಲ್ಲಿ ಈತ ಪ್ರಕಟಿಸಿದ ‘ಮಿನರ್ವಾ’ ಎಂಬ ಲ್ಯಾಟಿನ್ ವ್ಯಾಕರಣಗ್ರಂಥ ಯೂರೋಪಿನಲ್ಲಿ ಬಹುಕಾಲ ಪ್ರಮಾಣವಾಗಿತ್ತು. ಪೂರ್ವಕವಿಗಳು ಹೀಗೆ ಪ್ರಯೋಗಿಸಿದ್ದಾರೆ ಎಂದು ತೋರಿಸಿದರೆ ಸಾಲದು, ಹಾಗೆ ಪ್ರಯೋಗಿಸಲು ಕಾರಣವೇನು ಎಂಬುದನ್ನು ವ್ಯಾಕರಣ ಹೇಳಬೇಕು ಎಂಬುದು ಈತನ ವಾದ. ವಾಕ್ಯದಲ್ಲಿ ಕಾಣದಿದ್ದರೂ ಅರ್ಥಕ್ಕೆ ಬೇಕಾದ ಪದವನ್ನು ಸೇರಿಸಿಕೊಂಡು ಅನ್ವಯಿಸುವ ಕ್ರಮಕ್ಕೆ ಈತ ವಿಶೇಷ ಪ್ರಾಧಾನ್ಯ ಕೊಟ್ಟನು. ಸಂಸ್ಕೃತ ಶಾಸ್ತ್ರಗಳಲ್ಲಿ ‘ಅಧ್ಯಾಹಾರ’ವೆಂಬ ಮಾತು ತಿಳಿದವರಿಗೆ ಈ ವಿಚಾರ ಕೂಡಲೇ ಹೊಳೆಯುತ್ತದೆ. ಪರಸ್ಪರ ಅರಿವಿಲ್ಲದ ಎರಡು ಶಾಸ್ತ್ರಪರಂಪರೆಗಳು ಒಂದೇ ತೊಡಕಿಗೆ ಒಂದೇ ಬಗೆಯ ಬಿಡುಗಡೆಯನ್ನು ಕಂಡುಕೊಂಡುವು. ನೋಮ್ ಚಾಮ್ಸ್ಕಿಯವರು 1960ರ ದಶಕದಲ್ಲಿ ಈತನನ್ನು ಹೆಸರಿಸಿದ ಮೇಲೆ ಮರೆತುಹೋದ ವೈಯಾಕರಣಿಗೆ ಮತ್ತೆ ಓದುಗರು ಹುಟ್ಟಿಕೊಂಡರು. ಬದುಕಿದ್ದಾಗ ಮಾತ್ರ ಅವನ ನೇರ ನಾಲಗೆ ಅವನಿಗೇ ಮುಳುವಾಯಿತು. ಮತವಿಚಾರಣೆಯ ನ್ಯಾಯಮಂಡಲಿ ಆತನನ್ನು ಎರಡು ಸಲ ಕರೆಸಿತು. ಎರಡನೆಯ ವಿಚಾರಣೆ ಮುಗಿಯುವ ಮೊದಲೇ, ಮಗನ ಮನೆಯಲ್ಲಿ ನಿರ್ಬಂಧದಲ್ಲಿದ್ದಂತೆಯೇ, ವೃದ್ಧ ಅಧ್ಯಾಪಕ ಕಣ್ಣು ಮುಚ್ಚಿದನು.

ಈಗ ನದಿಗೆ ಮರಳಬೇಕು. ರೋಮನ್ ಸೇತುವೆಯ ಮೇಲೆ ನಿಂತು ಮೇಲ್ಹೊಳೆಯ ಕಡೆಗೆ ನೋಡಿದರೆ ಸುಮಾರು 600 ಮೀಟರ್ ದೂರದಲ್ಲಿ ಕಣಿವೆಯನ್ನು ಅಡ್ಡಗಟ್ಟಿದ ಕಾಂಕ್ರೀಟಿನ ಭಿತ್ತಿಯೊಂದು ಆಕಾಶವನ್ನು ಮರೆಮಾಡುತ್ತದೆ. 1969ರಲ್ಲಿ ಮುಗಿದ ಈ ಅಣೆಕಟ್ಟಿನ ಎತ್ತರ ಸುಮಾರು 130 ಮೀಟರ್. ಜಲಾಶಯದಲ್ಲಿ 3,160 ದಶಲಕ್ಷ ಘನಮೀಟರ್, ಎಂದರೆ ಸುಮಾರು 111 ಟಿ.ಎಂ.ಸಿ. ನೀರು ಹಿಡಿಯುತ್ತದೆ, ಕೃಷ್ಣರಾಜಸಾಗರದ ಎರಡರಷ್ಟಕ್ಕೂ ಅದು ಹೆಚ್ಚು. ಉದ್ದೇಶ ವಿದ್ಯುತ್ತು. ಕಟ್ಟುವ ವರ್ಷಗಳಲ್ಲಿ ಊರು ಕೂಲಿಗಾರರಿಂದ ತುಂಬಿತ್ತು. ಕೆಲಸ ಮುಗಿದೊಡನೆ ಬರಿದಾಯಿತು. ತಂತಿಗಳ ಮೇಲೆ ವಿದ್ಯುತ್ತು ದೂರದ ನಗರಗಳಿಗೆ ಹರಿಯಿತು, ಊರಿನ ಯುವಕರೂ ಅದೇ ದಿಕ್ಕಿಗೆ ನಡೆದರು.

ಮುಳುಗಡೆಯ ಕ್ಷೇತ್ರದಲ್ಲಿ ಅಲ್ಕೊನೇತಾರ್ ಎಂಬ ಮತ್ತೊಂದು ರೋಮನ್ ಸೇತುವೆಯ ಅವಶೇಷವಿತ್ತು. ದಕ್ಷಿಣದಿಂದ ಉತ್ತರಕ್ಕೆ ಸಾಗುವ ‘ವಿಯಾ ದೆ ಲಾ ಪ್ಲಾತಾ’ ಎಂಬ ಪ್ರಾಚೀನ ಹೆದ್ದಾರಿ ತಾಹೋವನ್ನು ದಾಟುತ್ತಿದ್ದುದು ಅದರ ಮೇಲೆಯೇ. ಅದರ ಕಮಾನುಗಳು ಅರೆವರ್ತುಲಕ್ಕಿಂತ ಚಪ್ಪಟೆ. ರೋಮನರಲ್ಲಿ ಅಪೂರ್ವವಾದ ರಚನೆ. 1970ರಲ್ಲಿ ಆ ಕಲ್ಲುಗಳನ್ನು ಕಳಚಿ ಸುಮಾರು ಆರು ಕಿಲೋಮೀಟರ್ ಆಚೆ ಒಣನೆಲದ ಮೇಲೆ ಮರಳಿ ಜೋಡಿಸಿದರು. ಕಲ್ಲುಗಳೇನೋ ಉಳಿದುವು, ಆದರೆ ನದಿಯಿಂದ ಬೇರ್ಪಟ್ಟ ಸೇತುವೆ, ಗೆಣ್ಣಿಲ್ಲದ ಕಬ್ಬಿನಂತೆ, ನೋಡುವವರಿಗೆ ಏನೋ ಕೊರತೆಯನ್ನು ಹೇಳುತ್ತದೆ. ಅಲ್ಲಿಯದೇ ಹಳೆಯ ಕೋಟೆಯ ಗೋಪುರ ಮಾತ್ರ ಮುಳುಗಿಯೂ ಮುಳುಗದೆ, ಫ್ಲೊರೀಪೆಸ್ ಗೋಪುರವೆಂಬ ಹೆಸರಿನಿಂದ, ನೀರಿನ ನಡುವೆ ತಲೆಯೆತ್ತಿ ನಿಂತಿದೆ. ಇದೇ ನದಿಯ ಇನ್ನೂ ಮೇಲ್ಗಡೆ, 1963ರಲ್ಲಿ ಆದ ವಾಲ್ದೆಕಾನ್ಯಾಸ್ ಜಲಾಶಯದಲ್ಲಿ, ತಲವೇರಾ ಲಾ ವಿಯೇಹಾ ಎಂಬ ಇಡೀ ಊರು ತನ್ನ ರೋಮನ್ ಅವಶೇಷಗಳ ಜೊತೆಗೆ ಮುಳುಗಿತು. 2019ರ ಬರದಲ್ಲಿ ನೀರು ಇಳಿದಾಗ ಅಲ್ಲಿನ ಗ್ವಾದಲ್ಪೆರಾಲ್ ಎಂಬ ಶಿಲಾಯುಗದ ಕಲ್ಲುಗೋರಿ ಹೊರಗೆ ಕಂಡು, ಜನ ತಂಡೋಪತಂಡವಾಗಿ ನೋಡಲು ಹೋದರು.

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಪಾಳುಬಿದ್ದಿದ್ದ ಸಂತ ಬೆನಿತೋ ಮಠವನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದುದು ಅಣೆಕಟ್ಟು ಕಟ್ಟಿದ ವಿದ್ಯುತ್ ಕಂಪನಿಯೇ; 1980ರ ದಶಕದಲ್ಲಿ ಅದರ ಹೆಸರಿನಲ್ಲೊಂದು ಪ್ರತಿಷ್ಠಾನವನ್ನೂ ಸ್ಥಾಪಿಸಿತು. ಕಣಿವೆಯನ್ನು ಮುಳುಗಿಸಿದ ಕೈಯೇ ಮಠವನ್ನು ಎತ್ತಿತು. ಇದು ಪ್ರಾಯಶ್ಚಿತ್ತವೋ ಪ್ರಚಾರವೋ ಎಂದು ಕೇಳುವವರು ಇದ್ದಾರೆ. ಗೋಡೆ ನಿಂತಿರುವುದಂತೂ ಸತ್ಯ.

ಊರಿನಿಂದ ಹೊರಗೆ ಕಾಲಿಟ್ಟರೆ ನಾಲ್ಕು ದಿಕ್ಕಿಗೂ ‘ದೆಹೇಸಾ’ ಎಂಬ ಮರಗಾವಲು. ಇದು ಕಾಡೂ ಅಲ್ಲ, ಹೊಲವೂ ಅಲ್ಲ. ಓಕ್ ಜಾತಿಯ ನಿತ್ಯಹಸುರಿನ ಮರಗಳನ್ನು ದೂರದೂರವಾಗಿ ಉಳಿಸಿಕೊಂಡು, ನಡುವಿನ ಹುಲ್ಲಿನಲ್ಲಿ ಕುರಿ, ದನ, ಹಂದಿಗಳನ್ನು ಮೇಯಿಸುವ ಪುರಾತನ ಕ್ರಮ. ಶರತ್ಕಾಲದಿಂದ ಚಳಿಗಾಲದವರೆಗೆ ಉದುರುವ ಓಕ್ ಕಾಯಿಗಳೇ ಹಂದಿಗಳ ಮೇವು. ಬಿರಡೆಯ ಓಕ್ ಮರದ ತೊಗಟೆಯನ್ನು ಸುಲಿಯುವುದು ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ಕಾಂಡ ಕೆಂಪಗೆ ಕಾಣುತ್ತದೆ, ಮರ ಸಾಯುವುದಿಲ್ಲ. ಅಜ್ಜ ನೆಟ್ಟ ಮರದ ಒಳ್ಳೆಯ ತೊಗಟೆ ಮೊಮ್ಮಗನ ಕೈಗೆ ಬರುವುದರಿಂದ, ಅವಸರದವರಿಗೆ ಈ ಕೃಷಿ ಒಗ್ಗದು. ನೈರುತ್ಯಕ್ಕೆ ವಲೆನ್ಸಿಯಾ ದೆ ಅಲ್ಕಾಂತರಾ ಎಂಬ ಊರಿನ ಸುತ್ತ, ಇಂತಹ ಮರಗಳ ನಡುವೆಯೇ, ನಲವತ್ತಕ್ಕೂ ಹೆಚ್ಚು ಶಿಲಾಯುಗದ ಕಲ್ಲುಗೋರಿಗಳು ಚದುರಿವೆ. ಅವನ್ನು ಒಂದೊಂದಾಗಿ ಹುಡುಕುತ್ತ ನಡೆಯುವುದಕ್ಕೆ ವಸಂತಕಾಲವೇ ಯೋಗ್ಯ; ಬೇಸಗೆಯ ನಡುಹಗಲಿನಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುವುದುಂಟು.

ಅಲ್ಕಾಂತರಾದ ಕೆಳಗೆ ಕೆಲವು ಹರಿದಾರಿ ಸಾಗಿದ ಮೇಲೆ ತಾಹೋ ನದಿಯೇ ಎರಡು ದೇಶಗಳ ಗಡಿಯಾಗುತ್ತದೆ. ಬಲದಂಡೆ ಪೋರ್ಚುಗಲ್, ಎಡದಂಡೆ ಸ್ಪೇನ್. ಪೋರ್ಚುಗಲ್ 2000ದಲ್ಲಿ, ಎಸ್ತ್ರೆಮದೂರಾ 2006ರಲ್ಲಿ ಈ ಕಂದರವನ್ನು ರಕ್ಷಿತ ಉದ್ಯಾನವೆಂದು ಘೋಷಿಸಿದುವು. 2016ರಲ್ಲಿ ಯುನೆಸ್ಕೊ ಎರಡೂ ದಂಡೆಗಳನ್ನು ಕೂಡಿಸಿ ಒಂದೇ ಜೀವಿಮಂಡಲ ಮೀಸಲು ಪ್ರದೇಶವಾಗಿ ಮನ್ನಿಸಿತು. ಕರಿಕೊಕ್ಕರೆ, ಬಗೆಬಗೆಯ ಹದ್ದುಗಳು ಮತ್ತು ರಣಹದ್ದುಗಳು ಅಲ್ಲಿನ ಬಂಡೆಗಳಲ್ಲಿಯೂ ಮರಗಳಲ್ಲಿಯೂ ಗೂಡು ಕಟ್ಟುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಕಾಣಸಿಗುವ ಬಿಳಿ ರಣಹದ್ದಿನ ಜಾತಿಯೇ ಅಲ್ಲಿಯೂ ಇದೆ; ಅದು ಚಳಿಗಾಲವನ್ನು ಆಫ್ರಿಕದಲ್ಲಿ ಕಳೆದು ವಸಂತಕ್ಕೆ ತಾಹೋ ಕಂದರಕ್ಕೆ ಮರಳುತ್ತದೆ. ನೀರಿನ ಹಂಚಿಕೆಗೆ ಎರಡೂ ದೇಶಗಳು 1998ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರಂತೆ ಸ್ಪೇನು ವರ್ಷಕ್ಕೆ 2,700 ದಶಲಕ್ಷ ಘನಮೀಟರ್ ನೀರನ್ನು ಗಡಿಯ ಸೆದಿಯ್ಯೊ ಅಣೆಕಟ್ಟಿನಿಂದ ಬಿಡಬೇಕು. 2019ರಲ್ಲಿ ಲೆಕ್ಕದ ವರ್ಷ ಮುಗಿಯುವ ಮೊದಲು ಬಾಕಿ ತೀರಿಸಲೆಂದು ನೀರನ್ನು ಅವಸರವಾಗಿ ಬಿಟ್ಟುದರಿಂದ ಹಿನ್ನೀರು ಕುಸಿದು, ಉಪನದಿಗಳ ಮುಖಗಳು ಒಣಗಿ ಕೆಸರಾದುವು. ಎರಡೂ ದಂಡೆಗಳ ಹಳ್ಳಿಯವರು ಆಗ ಒಟ್ಟಿಗೇ ದೂರಿದರು.

ಆ ಭಾಗದಲ್ಲಿ ಪ್ರವಾಸಿಗಳಿಗಾಗಿ ದೋಣಿಯ ವಿಹಾರವೂ ಇದೆ. ಎರಡು ದೇಶಗಳ ಗಡಿಯಾರಗಳಿಗೆ ಒಂದು ಗಂಟೆಯ ಅಂತರವಿರುವುದರಿಂದ, ದೋಣಿಯಲ್ಲಿ ಕುಳಿತವನ ಎಡಗೈಗೆ ಹನ್ನೆರಡು ಹೊಡೆದಾಗ ಬಲಗೈಗೆ ಇನ್ನೂ ಹನ್ನೊಂದು. ಉತ್ತರದಂಡೆಯ ಬಂಡೆಯಲ್ಲಿ ಮರಿಯಿಟ್ಟ ಕರಿಕೊಕ್ಕರೆ ದಕ್ಷಿಣದಂಡೆಯ ಹಳ್ಳದಲ್ಲಿ ಮೀನು ಹಿಡಿದು, ನದಿಯ ಮೇಲೆ ಹಾದು, ಗೂಡಿಗೆ ಹಿಂದಿರುಗುತ್ತದೆ.